ಮದುವೆಯ ಗೋಡೆಯ ಮೇಲೆ ಬರೆಸಿದ ಜಾಹೀರಾತು

ಚಿತ್ರದುರ್ಗದ ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಗೆ ‘ಪ್ರಚಾರ ಮತ್ತು ಸಾರ್ವಜನಿಕ ಸಂಪರ್ಕ’ ಎಂಬ ಬೋರ್ಡು ತೂಗುಹಾಕಿದಾಗ ನನಗೆ ಇಪ್ಪತ್ತೆಂಟು ವರ್ಷ. ಎಪ್ಪತ್ತರ ದಶಕದ ಆರಂಭ. ಸಾರ್ವಜನಿಕ ಸಂಪರ್ಕ ಅಂದರೇನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಧಂಬರ್ಧ ಗೊತ್ತಿತ್ತು. ಹೊಸ ಸಿನಿಮಾ ಬಂದರೆ ಮೈಕಿನಲ್ಲಿ ಕೂಗಿಸುವುದು, ಸೀರೆ ಅಂಗಡಿಯ ಕರಪತ್ರ ಹಂಚಿಸುವುದು, ಉದ್ಘಾಟನೆಗೆ ಪತ್ರಿಕೆಯವರನ್ನು ಕರೆತರುವುದು, ಎಲ್ಲಕ್ಕಿಂತ ಹೆಚ್ಚಾಗಿ ಹಳ್ಳಿಯ ಗೋಡೆಗಳ ಮೇಲೆ ಜಾಹೀರಾತು ಬರೆಸುವುದು, ಇಷ್ಟೇ ನಮ್ಮ ಕೆಲಸ.

ನಮ್ಮ ಅಂದರೆ ನಾನು ಮತ್ತು ಹೊಳಲ್ಕೆರೆ ಕಡೆಯ ಒಬ್ಬ ಪೇಂಟರ್. ನನಗಿಂತ ಹದಿನೈದು ವರ್ಷ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಒಂದು ಸೈಕಲ್ಲಿಗೆ ಸುಣ್ಣದ ಬಕೆಟ್ಟು ಕಟ್ಟಿಕೊಂಡು ಇಬ್ಬರೂ ಸೇರಿ ಶುರು ಮಾಡಿದ್ದೆವು. ಅವರ ಅಕ್ಷರ ಎಷ್ಟು ಅಚ್ಚುಕಟ್ಟೋ ಕೈ ಅಷ್ಟೇ ನಿಧಾನ. ಗೋಡೆ ಮುಟ್ಟುವ ಮೊದಲು ಮನೆಯ ಹೆಂಗಸನ್ನು ಕೇಳಲೇಬೇಕು. ಯಜಮಾನ ಒಪ್ಪಿದರೆ ಸಾಲದು, ಗೋಡೆ ಸಾರಿಸುವವಳು ಅವಳು ತಾನೆ ಎನ್ನುತ್ತಿದ್ದರು. ಗೋಡೆ ಕೊಟ್ಟ ಮನೆಗೆ ತಾವೂ ಏನಾದರೂ ಬರೆದುಕೊಡುತ್ತಿದ್ದರು. ಮದುವೆಯಿದ್ದರೆ ಗಂಡು ಹೆಣ್ಣಿನ ಹೆಸರು, ಆಚೀಚೆ ಎರಡು ಗಿಳಿ. ಹೀಗಾಗಿ ಅವರು ಹೋದ ಊರಿನಲ್ಲಿ ನಮಗೆ ಗೋಡೆ ಇಲ್ಲ ಎಂದವರೇ ಇಲ್ಲ.

ಮೂರು ವರ್ಷದಲ್ಲಿ ಕಂಪನಿ ಬೆಳೆದ ರೀತಿಗೆ ನನ್ನ ತಲೆ ತಿರುಗಿತು. ಎರಡು ಜೀಪು, ಇಪ್ಪತ್ತಕ್ಕೂ ಹೆಚ್ಚು ಜನ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೆಲ್ಲ ನಮ್ಮವರು. ಪೈಪೋಟಿ ಇಲ್ಲದಿದ್ದರೆ ಜನ ಕೆಲಸ ಮಾಡುವುದಿಲ್ಲ ಎಂದು ನಾನಾಗಿಯೇ ತೀರ್ಮಾನಿಸಿ ಎಲ್ಲರನ್ನೂ ಎರಡು ತಂಡ ಮಾಡಿದೆ. ಹಿರಿಯೂರು, ಧರ್ಮಪುರದ ಕಡೆಗೆ ಒಂದು. ಹೊಳಲ್ಕೆರೆ, ಹೊಸದುರ್ಗದ ಕಡೆಗೆ ಅಣ್ಣನ ತಂಡ. ಶನಿವಾರ ಗೋಡೆಗಳ ಲೆಕ್ಕ ಕರಿಹಲಗೆಯ ಮೇಲೆ. ಸೋತ ತಂಡದ ಮುಖ್ಯಸ್ಥ ಗೆದ್ದವರಿಗೆಲ್ಲ ತನ್ನ ಕೈಯಾರೆ ಟೀ ಹಂಚಬೇಕು. ಈ ನಿಯಮ ಮಾಡಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹಿರಿಯೂರಿನ ಮುಖ್ಯಸ್ಥ ಚುರುಕು ಮನುಷ್ಯ. ಮನೆಯವರು ಹೊಲಕ್ಕೆ ಹೋದ ಹೊತ್ತು ನೋಡಿ ಗೋಡೆ ಮುಗಿಸಿಬಿಡುತ್ತಿದ್ದ. ಗೊತ್ತಿದ್ದೂ ಭೇಷ್ ಎನ್ನುತ್ತಿದ್ದೆ. ಅಣ್ಣ ವಾರ ವಾರವೂ ಸೋಲುತ್ತಿದ್ದರು. ಕೆಟಲು ಹಿಡಿದು ಬಗ್ಗಿ ಬಗ್ಗಿ ಟೀ ಸುರಿಯುತ್ತಾ, ಸಕ್ಕರೆ ಸರಿಯಾಗಿದೆಯೇ ಎಂದು ತಮ್ಮ ಮಕ್ಕಳ ವಯಸ್ಸಿನವರನ್ನು ವಿಚಾರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮೊದಲು ನಗುತ್ತಿದ್ದವನು ನಾನೇ.

ಆಗ ಒಂದು ಗೊಬ್ಬರದ ಕಂಪನಿಯ ದೊಡ್ಡ ಕೆಲಸ ಸಿಕ್ಕಿತು. ಅವರ ಅಧಿಕಾರಿ ಸೋಮವಾರ ಚಿಕ್ಕಜಾಜೂರಿನ ರಸ್ತೆಯಲ್ಲಿ ಬಂದು ಗೋಡೆಗಳನ್ನು ನೋಡುವವನಿದ್ದ. ಆ ರಸ್ತೆಯ ತಿರುವಿನಲ್ಲಿ ಕುರಿ ಸಾಕುವವರ ಮನೆ. ಬಸ್ಸಿನವರಿಗೆಲ್ಲ ಎದುರಿಗೇ ಕಾಣುವ ಉದ್ದನೆಯ ಗೋಡೆ, ಅದರ ತುಂಬ ಅಣ್ಣನೇ ಬರೆದ ಮದುವೆಯ ಹೆಸರುಗಳು, ಗಿಳಿಗಳು. ಮದುವೆ ಮುಗಿದು ತಿಂಗಳಾಗಿತ್ತು. ಸುಣ್ಣ ಹೊಡೆದು ನಮ್ಮದನ್ನು ಬರೆಯಿರಿ ಎಂದು ಅಣ್ಣನಿಗೆ ಹೇಳಿದೆ. ಅವರು ಬ್ರಷ್ಷು ಕೆಳಗಿಟ್ಟರು.

“ಮಗಳು ಮೊದಲ್ನೇ ಆಷಾಢಕ್ಕೆ ತವರಿಗೆ ಬರಾಗಂಟ ಆ ಹೆಸ್ರು ಅಳಿಸಬಾರ್ದಪ್ಪ. ಬಂದು ಅವ್ಳು ನೋಡ್ಬೇಕು. ಆಮ್ಯಾಲೆ ಆ ಮನಿ ಯಮ್ಮನೇ ಕರೆದು ಗೋಡೆ ಕೊಡ್ತಾಳೆ.”

ಆಷಾಢಕ್ಕೆ ಇನ್ನೂ ಎರಡು ತಿಂಗಳಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಹಿರಿಯೂರಿನವನನ್ನು ಆ ಶುಕ್ರವಾರವೇ ಅಲ್ಲಿಗೆ ಕಳಿಸಿದೆ. ಮನೆಯವರು ಸಂತೆಗೆ ಹೋಗಿ ಬರುವಷ್ಟರಲ್ಲಿ ಗಿಳಿಗಳಿದ್ದ ಕಡೆ ಗೊಬ್ಬರದ ಚೀಲ ನಿಂತಿತ್ತು. ಮರುದಿನ ಆ ಗೋಡೆಯನ್ನು ಅವನ ತಂಡದ ಲೆಕ್ಕಕ್ಕೇ ಬರೆದೆ. ಆ ವಾರ ಅಣ್ಣ ಸೋತದ್ದು ಒಂದೇ ಒಂದು ಗೋಡೆಯಿಂದ. ಟೀ ಹಂಚಿದರು, ಸಕ್ಕರೆಯ ವಿಚಾರ ಎತ್ತಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ನನ್ನ ಮುಖ ನೋಡಿ ಆ ಊರಾಗೆ ಗೋಡೆ ಕೊಡ್ತಿದ್ರು. ಒಂದ್ಸಲ ಆ ಮನಿಗೆ ಹೋಗಾಣ ಬಾ. ಬರೆಸಿದೋನು ನಾನು ಅಂತ ನೀನೇ ಒಂದ್ ಮಾತು ಹೇಳು. ಹೆಸ್ರು ನಾನು ಮತ್ತೆ ಬರೀತೀನಿ.”

ಗುರುವಾರ ಬರುತ್ತೇನೆ, ಚಿಕ್ಕಜಾಜೂರಿನ ಬಸ್ಸು ನಿಲ್ಲುವಲ್ಲಿ ಕಾಯಿರಿ ಎಂದೆ. ಮನಸ್ಸಿನಲ್ಲಿ ಹೋಗಬೇಕೆಂದೇ ಇತ್ತು. ಆದರೆ ಗೋಡೆಗಳನ್ನು ಮೆಚ್ಚಿಕೊಂಡ ಅಧಿಕಾರಿ ಗುರುವಾರ ಹಿರಿಯೂರಿನ ಕಡೆಯನ್ನೂ ತೋರಿಸಿ ಎಂದ. ಜೀಪಿನಲ್ಲಿ ಅವನನ್ನು ಕೂರಿಸಿಕೊಂಡು ಐಮಂಗಲದ ದಾರಿ ಹಿಡಿದೆ. ಅಣ್ಣ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದರೆಂದು ಅಲ್ಲಿನ ಹೋಟೆಲಿನವನು ಆಮೇಲೆ ಹೇಳಿದ. ಅವರು ಮತ್ತೆ ಕಚೇರಿಗೆ ಬರಲಿಲ್ಲ. ಮುನಿಸು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ. ಎರಡು ಸಲ ಹೇಳಿಕಳಿಸಿದೆ, ನಾನು ಹೋಗಲಿಲ್ಲ. ದಾವಣಗೆರೆಯಲ್ಲಿ ಲಾರಿಗಳಿಗೆ ಹೆಸರು ಬರೆಯುವ ಕೆಲಸಕ್ಕೆ ಸೇರಿದರೆಂದು ತಿಳಿದಾಗಲೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು ಎಂಬುದು ಈಗ ಹೇಳುವ ಮಾತು. ಆಗ ಇದ್ದದ್ದು ಬರೀ ಜಂಬ.

ಮುಂದಿನ ಬೇಸಿಗೆಗೆ ಆ ರಸ್ತೆಯಲ್ಲಿ ನಮಗೆ ಒಂದು ಗೋಡೆಯೂ ಹುಟ್ಟದಂತಾಯಿತು. ಯಾರನ್ನು ಕಳಿಸಿದರೂ ಬರಿಗೈಯಲ್ಲಿ ವಾಪಸ್ಸು. ಕೊನೆಗೆ ನಾನೇ ಹೊರಟೆ. ಅಣ್ಣನ ಹಾಗೆ ಹೆಂಗಸರನ್ನು ಕೇಳುತ್ತಾ ಬಂದು ಆ ತಿರುವಿನ ಮನೆಯ ಮುಂದೆ ನಿಂತೆ. ಗೋಡೆಯನ್ನು ಪೂರ್ತಿ ಕೆಮ್ಮಣ್ಣಿನಲ್ಲಿ ಸಾರಿಸಿದ್ದರು. ನಾನು ಯಾರೆಂದು ಹೊರಗೆ ಬಂದ ಮನೆಯಾಕೆಗೆ ಗೊತ್ತಿರಲಿಲ್ಲ. ಬರೆಯುವವರಿಗೆ ಗೋಡೆ ಕೊಡುವುದನ್ನು ಬಿಟ್ಟಿದ್ದೇವೆ ಎಂದರು. ಯಾಕಮ್ಮ ಎಂದು ಕೇಳಿದೆ. ಕೇಳಬಾರದಿತ್ತು.

“ನಂಬಿದೋರೇ ಮಗಳ ಹೆಸ್ರು ಅಳಿಸಿದ್ರು. ಒಂದಿನ ಆ ಪೇಂಟರಣ್ಣ ಒಬ್ರೇ ಬಂದು, ತಪ್ಪು ನಂದೇ ಕಣಮ್ಮ, ಆಸೆಗೆ ಬಿದ್ದು ಬರೆದೆ ಅಂತ ಕೈ ಮುಗುದ್ರು. ನಾವು ಒಳಾಕೆ ಕರೀಲಿಲ್ಲ. ಬಿಸಿಲಾಗೆ ನಿಂತಿದ್ದು ಹೋದ್ರು.”

ಆಮೇಲೆ ನನ್ನನ್ನು ನೋಡಿ, ನೀವು ಕೇಳಿ ಬರೆಸುವವರು, ಅವರ ಹಾಗಲ್ಲ ಬಿಡಿ, ಕುಂತ್ಕಳ್ರಿ ಎಂದರು. ನಾನು ಕುಳಿತೆ. ಅಳಿಸಿದವನು ನಾನಮ್ಮ ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ನನಗೆ ಗೋಡೆ ಬೇಕಾಗಿತ್ತು. ಆಕೆ ಕೊಟ್ಟ ಮಜ್ಜಿಗೆ ಕುಡಿದು, ಗೋಡೆಗೆ ಒಪ್ಪಿಗೆ ಪಡೆದುಕೊಂಡು ಜೀಪು ಹತ್ತಿದೆ.