ಮಂಗಳದ ಕೊನೆಭಾಗದ ರೈತರು

ನಾನೊಂದು ಕಾದಂಬರಿ ಬರೆದಿದ್ದೇನೆ ಎಂಬ ಸಂಗತಿಯನ್ನು ಹೊಸಪೇಟೆಯಲ್ಲಿ ಯಾರಿಂದಲೂ ಮುಚ್ಚಿಟ್ಟಿಲ್ಲ. ಆದರೂ ಅದು ಗುಟ್ಟಾಗಿಯೇ ಉಳಿದಿದೆ. ಮದುವೆ, ಗೃಹಪ್ರವೇಶ, ನಿವೃತ್ತಿ ಸಮಾರಂಭ, ಎಲ್ಲಿಗೆ ಹೋದರೂ ಒಂದು ಪ್ರತಿ ಉಡುಗೊರೆ ಕೊಟ್ಟು ಬಂದೆ. ಅವುಗಳಲ್ಲಿ ಕೆಲವು ಹೊಸ ಬಣ್ಣದ ಕಾಗದ ಸುತ್ತಿಕೊಂಡು ನನ್ನ ಮಗಳ ಮದುವೆಗೆ ವಾಪಸು ಬಂದವು. ಬಿಚ್ಚಿ ನೋಡಿದರೆ ಒಂದು ಹಾಳೆಯೂ ಮಾಸಿರಲಿಲ್ಲ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿಯನ್ನೆಲ್ಲ ನಾನು ಕೇಳಿದವನಲ್ಲ (ಕೊಟ್ಟಿದ್ದರೆ ಬೇಡ ಎನ್ನುತ್ತಿರಲಿಲ್ಲ, ಆ ಮಾತು ಬೇರೆ). ನನ್ನ ಕೊನೆಯ ಪುಟದವರೆಗೆ ಬಂದ ಒಬ್ಬ ಮನುಷ್ಯನನ್ನು ಕಣ್ಣಾರೆ ಕಾಣಬೇಕು ಎಂಬುದಷ್ಟೇ ಆಸೆಯಾಗಿತ್ತು.

ಕಾದಂಬರಿಯ ಹೆಸರು ‘ಮಂಗಳದ ಕಾಲುವೆ’. ವೈಜ್ಞಾನಿಕ ಕಾದಂಬರಿ. ವಿಜ್ಞಾನಕ್ಕೂ ನನಗೂ ಏನು ನಂಟು ಎಂದು ಕೇಳಬೇಡಿ. ನಾನು ಟಿ.ಬಿ. ಡ್ಯಾಂನ ಕ್ವಾರ್ಟರ್ಸಿನಲ್ಲಿದ್ದುಕೊಂಡು ಕಾಲುವೆ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿದವನು. ಹಿಂದೆ ಯಾರೋ ಒಬ್ಬ ಖಗೋಳಜ್ಞ ದೂರದರ್ಶಕಕ್ಕೆ ಕಣ್ಣಿಟ್ಟು, ಮಂಗಳ ಗ್ರಹದ ಮೇಲೆ ಗೆರೆಗಳು ಕಾಣುತ್ತಿವೆ, ಅವು ಕಾಲುವೆಗಳೇ, ಅಲ್ಲಿ ಯಾರೋ ಬೇಸಾಯ ಮಾಡುತ್ತಿದ್ದಾರೆ ಎಂದು ಸಾರಿದನಂತೆ. ಅದೆಲ್ಲ ಕಣ್ಣಿನ ಭ್ರಮೆ ಎಂದು ಆಮೇಲೆ ಗೊತ್ತಾಯಿತು. ಇದನ್ನು ಓದಿದಾಗ ಬೇರೆಯವರಿಗೆ ಏನನ್ನಿಸಿತೋ, ನನಗೆ ಮಾತ್ರ ಕಾಲುವೆ ಇದ್ದ ಮೇಲೆ ಅದಕ್ಕೊಂದು ಕೊನೆಭಾಗ ಇರಲೇಬೇಕು, ಕೊನೆಭಾಗ ಇದ್ದ ಮೇಲೆ ಅಲ್ಲಿನ ರೈತರಿಗೆ ನೀರು ತಡವಾಗಲೇಬೇಕು ಎನ್ನಿಸಿತು. ಕಥೆ ಹುಟ್ಟಿದ್ದು ಅಲ್ಲಿಂದಲೇ. ಮಂಗಳದ ಕೊನೆಯ ಹಳ್ಳಿಯಲ್ಲಿ ಬೆಳೆ ಒಣಗುತ್ತಿದೆ. ಗದ್ದೆಗಳಿಗೆ ನೀರು ಬಿಡುವ ಒಬ್ಬ ನೀರಗಂಟಿ ಧೂಳಿನ ಬಿರುಗಾಳಿಯಲ್ಲಿ ತುಕ್ಕು ಹಿಡಿದ ಗೇಟು ಎತ್ತಲು ಹೋಗುತ್ತಾನೆ, ಗೇಟಿನ ಚಕ್ರವನ್ನು ಹಿಡಿದುಕೊಂಡೇ ಸಾಯುತ್ತಾನೆ. ಗೇಟು ಎದ್ದಿತೋ ಇಲ್ಲವೋ, ನೀರು ಹೋಯಿತೋ ಇಲ್ಲವೋ, ನಾನು ಹೇಳಲಿಲ್ಲ. ಸಾಹಿತ್ಯದಲ್ಲಿ ಇದಕ್ಕೆ ಮುಕ್ತ ಅಂತ್ಯ ಎನ್ನುತ್ತಾರೆಂದು ಕೇಳಿದ್ದೆ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಹೀಗಿರುವಾಗ ಒಂದು ಭಾನುವಾರ ಸಂಡೂರಿನ ಹತ್ತಿರದ ಯಶವಂತನಗರದಿಂದ ಶರಣ ಎಂಬ ಹುಡುಗ ಮನೆ ಹುಡುಕಿಕೊಂಡು ಬಂದ. ಗಣಿಯಲ್ಲಿ ಯಂತ್ರ ರಿಪೇರಿಯ ಕೆಲಸ, ಉಳಿದ ಹೊತ್ತು ಗಿಟಾರು. ಶಾಲೆಯ ಓಟದ ಪಂದ್ಯದಲ್ಲಿ ಸಮಾಧಾನಕರ ಬಹುಮಾನವೆಂದು ಅವನಿಗೆ ನನ್ನ ಕಾದಂಬರಿ ಸಿಕ್ಕಿತ್ತಂತೆ.

“ಭಾಳ ಸಲ ಓದೀನ್ರಿ ಸರ. ನೀವು ಮಂಗಳ ಅಂತ ಬರ್ದಿದ್ದು ನಮ್ಮೂರೇ ಹೌದಲ್ರೀ? ಕೆಂಪು ಮಣ್ಣು, ಕೆಂಪು ಧೂಳಿ, ಒಗದ್ರೂ ಹೋಗದಿರೋ ಕೆಂಪು ಅಂಗಿ. ಲಾರಿ ಒಂದು ಬಿಟ್ಟೀರಿ, ಅಷ್ಟ ಫರಕು,” ಎಂದ.

ಓದುಗ ಸಿಕ್ಕಿದ. ಆಸೆ ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ತಾನೂ ಮೂವರು ಗೆಳೆಯರೂ ಪ್ರೋಗ್ರೆಸಿವ್ ರಾಕ್ ಬ್ಯಾಂಡ್ ಕಟ್ಟಿದ್ದೇವೆ, ಕಾದಂಬರಿಯನ್ನು ಇಡಿಯಾಗಿ ಒಂದು ಆಲ್ಬಂ ಮಾಡುತ್ತೇವೆ, ಅಪ್ಪಣೆ ಕೊಡಿ ಎಂದು ಅವನು ಕೇಳಿದಾಗ, ಇನ್ನು ಊರಿಗೆ ಊರೇ ನನ್ನ ಕೊನೆಯ ಪುಟಕ್ಕೆ ಬಂದು ಮುಟ್ಟುತ್ತದೆ ಎಂದು ಒಳಗೊಳಗೇ ಕುಣಿದೆ.

ಈ ಪ್ರೋಗ್ರೆಸಿವ್ ರಾಕ್ ಎಂದರೇನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಹಾಡು ಶುರುವಾದರೆ, ಒಲೆಯ ಮೇಲಿಟ್ಟ ಬೇಳೆ ಬೇಯುವವರೆಗೂ ಮುಗಿಯುವುದಿಲ್ಲ. ತಾಳ ಒಮ್ಮೆ ಏಳಕ್ಕೆ ಹೋಗುತ್ತದೆ, ಒಮ್ಮೆ ಹನ್ನೊಂದಕ್ಕೆ. ಹಾಡಿನಿಂದ ಹಾಡಿಗೆ ಒಂದೇ ಕಥೆ ಬಿಡುವಿಲ್ಲದೆ ಹರಿಯುತ್ತದೆ. ಹರಿಕಥೆಯಿಂದ ಹರಿಯನ್ನೂ ದಾಸರನ್ನೂ ತೆಗೆದು ಕರೆಂಟು ಕೊಟ್ಟರೆ ಹೆಚ್ಚುಕಡಿಮೆ ಇದೇ ಆಗುತ್ತದೆ. ಧ್ವನಿಮುದ್ರಣ ಮುಗಿದ ಮೇಲೆ ಶರಣ ಅದನ್ನು ನಮ್ಮ ಮನೆಯಲ್ಲಿ ಕೇಳಿಸಿದ. ನನ್ನ ಹೆಂಡತಿ ಗಿರಿಜೆ ಬಹಳ ಹೊತ್ತು ಭಕ್ತಿಯಿಂದ ಕೂತಿದ್ದು, ಆಮೇಲೆ ನನ್ನ ಕಿವಿಯಲ್ಲಿ, “ಇನ್ನೂ ಶ್ರುತಿನ ಮಾಡ್ಕೊಳ್ಳಾಕತ್ತಾರೇನ್ರಿ?” ಎಂದು ಕೇಳಿದಳು. ಆಲ್ಬಂನ ಮುಖಪುಟದ ಫೋಟೋಗೆ ಹುಡುಗರು ಗಣಿಯ ಹೆಲ್ಮೆಟ್ಟು ಹಾಕಿಕೊಂಡು ಹಂಪಿಯ ಬಂಡೆಗಳ ಮೇಲೆ ನಿಂತಿದ್ದರು. ಪ್ರವಾಸಿಗರು ದೇವಸ್ಥಾನ ಬಿಟ್ಟು ಇವರ ಜೊತೆ ಸೆಲ್ಫಿ ತೆಗೆಸಿಕೊಂಡರಂತೆ.

ಬಿಡುಗಡೆ ಕಂಪ್ಲಿಯಲ್ಲಿ. ಡ್ರಮ್ಸ್ ಬಾರಿಸುವ ವೀರೇಶನ ತಂದೆಯದು ಅಲ್ಲಿ ರೈಸ್ ಮಿಲ್ಲು. ಅದರ ಭತ್ತ ಒಣಗಿಸುವ ಅಂಗಳದಲ್ಲಿ ಸಂಜೆ ಶಾಮಿಯಾನ ಹಾಕಿದ್ದರು. ಮಿಲ್ಲಿನ ಕೆಲಸಗಾರರು, ಬೀಗರು, ಭತ್ತ ಹಾಕಲು ಬಂದಿದ್ದ ಸುತ್ತಲಿನ ರೈತರು, ಎಲ್ಲ ಸೇರಿ ಅಂಗಳ ತುಂಬಿತ್ತು. ನಾನು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಶರಣ ಮೈಕಿನಲ್ಲಿ, “ಇದು ಪೂರಾ ಒಂದ ಕಥಿ ಐತ್ರಿ. ನಡುವ ಚಪ್ಪಾಳಿ ಬ್ಯಾಡ್ರಿ, ನಿಲ್ಸೋದೂ ಇಲ್ಲ,” ಎಂದು ವಿನಂತಿ ಮಾಡಿದ.

ಪಾಪ, ಗಣಿಯ ಕಡೆಯ ಹುಡುಗ, ಅವನಿಗೆ ಕಾಲುವೆ ಕಡೆಯ ಜನ ಗೊತ್ತಿಲ್ಲ. ಇವರು ಕಂಪನಿ ನಾಟಕ ನೋಡಿ ಬೆಳೆದವರು. ರಂಗದ ಮೇಲೆ ನಾಯಕ ಚೆನ್ನಾಗಿ ಸತ್ತರೆ ಸುಮ್ಮನೆ ಬಿಡುವವರಲ್ಲ. “ಒನ್ಸ್ ಮೋರ್!” ಎಂದು ಕೂಗುತ್ತಾರೆ. ಸತ್ತವನು ಎದ್ದು, ಧೋತರದ ಧೂಳು ಕೊಡವಿ, ಅದೇ ಹಾಡು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಹಾಡಿನಲ್ಲಿ ನೀರಗಂಟಿ ಗೇಟಿನ ಚಕ್ರ ಹಿಡಿದು ಸತ್ತ ಕೂಡಲೇ ಅಂಗಳದ ಮೂಲೆಮೂಲೆಯಿಂದ ಅದೇ ಕೂಗು ಎದ್ದಿತು. ಶರಣ ಕಣ್ಣು ಮುಚ್ಚಿಕೊಂಡು ಗಿಟಾರು ನುಡಿಸುತ್ತಲೇ ಇದ್ದ. ಆಗ ಎಮ್ಮಿಗನೂರಿನ ದೊಡ್ಡಬಸಪ್ಪ ಎಂಬ ಮುದುಕ, ಹೆಗಲಿನ ಟವೆಲ್ ಸರಿಮಾಡಿಕೊಂಡು ಎದ್ದು, ವೇದಿಕೆಯ ಹತ್ತಿರವೇ ಹೋಗಿ ಕೈ ಎತ್ತಿದ. ವಾದ್ಯಗಳು ಒಂದೊಂದಾಗಿ ನಿಂತವು.

“ಅದೆಲ್ಲಾ ಇರ್ಲಿ ತಮ್ಮಾ. ಕೊನೀ ಹಳ್ಳಿಗೆ ನೀರು ಹೋತೋ ಇಲ್ಲೋ? ಅದನ್ನ ಹೇಳು ಮೊದ್ಲ.”

“ಅದನ್ನ ಕೇಳೋರಿಗೆ ಬಿಟ್ಟೇವ್ರಿ, ಅಜ್ಜಾರ,” ಎಂದ ಶರಣ.

“ನಮಗ ಬಿಟ್ರ ನಾವೇನ್ ಮಾಡೋಣಪಾ? ಗೇಟಿನ ಕೀಲಿ ನಮ್ಮ ಕೈಯಾಗ ಐತೇನು?”

ಅಂಗಳವೆಲ್ಲ ಹೌದು ಹೌದು ಎಂದಿತು. ಶರಣ ದಿಕ್ಕು ತೋಚದೆ ನನ್ನತ್ತ ನೋಡಿದ. ಇದೇ ಪ್ರಶ್ನೆಯನ್ನು ಸೇವೆಯುದ್ದಕ್ಕೂ ಮೇಜಿನ ಆಚೆ ನಿಂತವರಿಂದ ಕೇಳಿದ್ದೆ, ಆದರೆ ಮಂಗಳ ಗ್ರಹಕ್ಕೆ ಹೋದರೂ ಅದು ಬೆನ್ನು ಬಿಡುವುದಿಲ್ಲ ಎಂದುಕೊಂಡಿರಲಿಲ್ಲ. ಮುಕ್ತ ಅಂತ್ಯ ಎನ್ನುವುದು ಕಾಲುವೆಯ ತಲೆಯಲ್ಲಿ ಗದ್ದೆ ಇರುವವರ ಶೋಕಿ ಎಂದು ನನಗೆ ಅಲ್ಲಿ, ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು. ಎದ್ದು ಹೋಗಿ ಮೈಕು ಹಿಡಿದೆ.

“ಹೋತ್ರಿ. ಕೊನೀ ಗದ್ದಿ ತನಕ ಹೋತು.”

ಬಿದ್ದ ಚಪ್ಪಾಳೆಗೆ ಶಾಮಿಯಾನವೇ ಅಲುಗಿತು. ಹಿಂದಿನಿಂದ ಒಬ್ಬ, “ಎರಡ್ನೇ ಬೆಳಿಗೂ ಬಿಡ್ತಾರೇನ್ರಿ?” ಎಂದು ಕೂಗಿದ. ಮೀಟಿಂಗ್ ಆದ ಮೇಲೆ ತಿಳಿಸ್ತೀವಿ ಎಂಬ ಮಾತು ಹಳೆಯ ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಂಗಳದಲ್ಲಿ ನನಗೆ ಮೇಲಧಿಕಾರಿ ಯಾರಿದ್ದಾರೆ? “ಬಿಡ್ತಾರ್ರಿ!” ಎಂದೆ.

ಶರಣ ಇನ್ನೂ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾಗಲೇ ವೀರೇಶ ಬಾರಿಸಲು ಶುರುಮಾಡಿಬಿಟ್ಟಿದ್ದ. ಸತ್ತ ನೀರಗಂಟಿ ಎದ್ದ, ಚಕ್ರ ತಿರುಗಿಸಿದ, ಮತ್ತೆ ಸತ್ತ. ಈ ಸಲ ಗೇಟು ಎದ್ದಿತು. ಆಮೇಲೆ ನೀರು ಹರಿಯುವುದನ್ನು ಆ ನಾಲ್ವರು ಎಷ್ಟು ಹೊತ್ತು ನುಡಿಸಿದರೋ, ಏಳೋ ಹನ್ನೊಂದೋ ಯಾವ ತಾಳವೋ, ಒಬ್ಬರೂ ಎದ್ದು ಹೋಗಲಿಲ್ಲ. ಶರಣನೂ ಕಣ್ಣು ತೆರೆದು ನುಡಿಸುತ್ತಿದ್ದ.

ಎಲ್ಲ ಮುಗಿದು ಜನ ಚದುರುವಾಗ ದೊಡ್ಡಬಸಪ್ಪ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ಸಾಹೇಬ್ರ, ಇನ್ನೊಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ನೀರಗಂಟಿ ಹೆಂಡ್ತಿ ಮಕ್ಕಳಿಗೆ ಏನಾರ ದಾರಿ ಮಾಡಿದ್ರಾ?”

ಅವನಿಗೆ ಹೆಂಡತಿ ಮಕ್ಕಳಿದ್ದರೆಂಬುದು ಬರೆದ ನನಗೇ ಗೊತ್ತಿರಲಿಲ್ಲ.

“ಮಗಗ ಅದ ಗೇಟಿನ ಮ್ಯಾಲ ಕೆಲಸ ಆತ್ರಿ, ಕಾಯಂ,” ಎಂದೆ.

“ಛಲೋ ಆತು ಬಿಡ್ರಿ,” ಎಂದು ಮುದುಕ ನಿರಾಳವಾಗಿ ಮನೆಗೆ ಹೊರಟ.