ಮಾವನವರು ಕೇಳದ ಹುಲ್ಲು

ನನ್ನ ಮಾವನವರ ಊರು ಲಿಂಗಸುಗೂರಿನ ಆಚೆ, ಮಳೆ ನಂಬಿದ ಹೊಲಗಳ ನಡುವೆ ಇದೆ. ಅಲ್ಲಿ ಜೋಳದ ಒಂದು ದಂಟು ದಾರಿಯಲ್ಲಿ ಬಿದ್ದಿದ್ದರೂ ಬಗ್ಗಿ ಎತ್ತಿಕೊಂಡು ಹೋಗುತ್ತಾರೆ. ನಮ್ಮದು ಬಳಗಾನೂರಿನ ಹತ್ತಿರದ ಕಾಲುವೆ ಸೀಮೆ. ಮಷೀನು ಭತ್ತ ಕೊಯ್ದು ಹುಲ್ಲು ಉಗುಳಿ ಹೋದ ಮೇಲೆ ನಾವು ಮಾಡುವ ಮೊದಲ ಕೆಲಸ ಕಡ್ಡಿ ಗೀರುವುದು. ಎರಡನೇ ಬೆಳೆಗೆ ಹೊಲ ಬೇಗ ಸಿದ್ಧವಾಗಬೇಕು, ಹುಲ್ಲು ಎತ್ತಲು ಆಳು ಸಿಗುವುದಿಲ್ಲ, ಎಲ್ಲರೂ ಸುಡುತ್ತಾರೆ. ನೆಪಗಳಿಗೆ ನಮ್ಮಲ್ಲಿ ಬರವಿಲ್ಲ.

ಮೂರು ವರ್ಷದ ಹಿಂದೆ, ಕೊಯ್ಲು ಮುಗಿದ ಮಾರನೆಯ ದಿನ, ಮಾವನವರು ಮುಂಚೆ ತಿಳಿಸದೆ ಬಸ್ಸಿಳಿದು ಬಂದರು. ಚಹಾ ಕುಡಿದರು. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಕಾದೆ ಎಂಬುದನ್ನು ಎರಡು ಸಲ ಹೇಳಿದರು. ಆಮೇಲೆ, ಈ ಸಲ ಹುಲ್ಲು ಎಷ್ಟಾಗಿದೆ ಎಂದು ವಿಚಾರಿಸಿದರು. ಭತ್ತ ಬಿಟ್ಟು ಹುಲ್ಲಿನ ಲೆಕ್ಕ ಕೇಳುವವರನ್ನು ನಾನು ನೋಡಿದ್ದು ಅದೇ ಮೊದಲು. ಮೊಣಕಾಲುಮಟ ಬಿದ್ದಿದೆ, ಇವತ್ತೇ ಸುಟ್ಟುಬಿಡುತ್ತೇನೆ ಎಂದು ಜಂಬದಿಂದ ಹೇಳಿದೆ. ಅವಸರವೇನು, ಎರಡು ದಿನ ಇರಲಿ ಎಂದರು. ವಯಸ್ಸಾದವರಿಗೆ ಬೆಂಕಿಯೆಂದರೆ ಹೆದರಿಕೆ ಅಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಹೊಲಕ್ಕೆ ಕರೆದುಕೊಂಡು ಹೋಗಿ ಅವರೆದುರೇ ಕಡ್ಡಿ ಗೀರಿದೆ. ಬೆಂಕಿ ಏಳುತ್ತಿದ್ದಂತೆ ಮಾವನವರು ಹೆಗಲ ಮೇಲಿನ ಟವೆಲ್ ಸೆಳೆದುಕೊಂಡು ಓಡಿದರು. ಅವರ ಹಿಂದೆ ನಾನು, ನನ್ನ ಹಿಂದೆ ಪಕ್ಕದ ಹೊಲದವನು. ಬೇಕಂತಲೇ ಹಚ್ಚಿದ್ದು ಎಂದು ನಾನು ಕೂಗಿದಷ್ಟೂ ಅವರು ಬೆಂಕಿ ಆರಿಸಲು ಜೋರಾಗಿ ಬಡಿದರು. ಬದುವಿನ ಬೇವಿನ ಗಿಡ ಅರ್ಧ ಸುಟ್ಟಿತು. ಹೊಗೆ ರಸ್ತೆಗೆ ಅಡ್ಡ ಬಿದ್ದು ಬಸ್ಸೊಂದು ನಿಂತಿತು. ಅದರೊಳಗಿನವರು ನಮ್ಮ ಮನೆತನವನ್ನು ಅಜ್ಜನಿಂದ ಹಿಡಿದು ಬೈದರು. ಮನೆಯಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಅದು ಪ್ರತಿ ವರ್ಷ ಹತ್ತುತ್ತಿತ್ತು, ನಾವು ಪ್ರತಿ ವರ್ಷ ಚಳಿಯನ್ನು ಬೈಯುತ್ತಿದ್ದೆವು.

ಕೊನೆಗೆ ಟವೆಲ್ ಹೋಯಿತು, ಮಾವನವರ ಒಂದು ಕಡೆಯ ಮೀಸೆ ಹೋಯಿತು, ಮೂಲೆಯಲ್ಲಿ ಒಂದು ಹಿಡಿ ಹುಲ್ಲು ಉಳಿಯಿತು. ಪಕ್ಕದ ಹೊಲದವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಮಾವನವರು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದರಿ, ಬೆಂದ ಎರೆಹುಳುವೊಂದನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದರು. ಗೊಬ್ಬರ ಯಾಕೆ ವರ್ಷ ವರ್ಷ ಹೆಚ್ಚು ಬೇಕಾಗುತ್ತಿದೆ ಎಂದು ಅಂಗಡಿಯವನ ಜೊತೆ ಜಗಳಾಡಿ ಬಂದವನು ನಾನು. ಆದರೂ ನನಗೆ ಆ ಹುಳು ಕಾಣಲಿಲ್ಲ, ಮೀಸೆ ಮಾತ್ರ ಕಂಡಿತು.

ಮನೆಗೆ ಬಂದ ಮೇಲೆ ಹೆಂಡತಿ ರೊಟ್ಟಿ ಕಟ್ಟಿಡಲು ಅಪ್ಪನ ಚೀಲ ಬಿಚ್ಚಿದಳು. ಒಳಗೆ ಬಟ್ಟೆ ಇರಲಿಲ್ಲ. ಹುಲ್ಲು ಕಟ್ಟುವ ಹಗ್ಗಗಳಿದ್ದವು.

"ಎತ್ತಿಗೆ ಮೇವಿಲ್ಲಂತ ಬಂದಾನ ನಮ್ಮಪ್ಪ," ಎಂದಳು. "ನೀವು ಅವನ ಮುಂದನ ಬೆಂಕಿ ಹಚ್ಚೀರಿ."

ಹೊರಗೆ ಕೂತಿದ್ದ ಮಾವನವರ ಹತ್ತಿರ ಬಂದು, ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಮಗಳ ಮನ್ಯಾಗ ಕೈ ಒಡ್ಡೂದು ಹೆಂಗಂತ ಸುಮ್ನಿದ್ದೆ," ಎಂದರು, ಉಳಿದ ಅರ್ಧ ಮೀಸೆ ಸವರುತ್ತ. "ಆದ್ರ ಅಳಿಯಂದ್ರ, ನಮ್ಮೊಳಗ ಹೆಣಾನೂ ಸುಡೂದಿಲ್ರೀ, ಮಣ್ಣಿಗಿಡ್ತೀವಿ. ನೀವು ಮೇವು ಸುಟ್ರಿ."

ಪಕ್ಕದ ಹೊಲದವನ ಹುಲ್ಲು ಇನ್ನೂ ಹಾಗೇ ಬಿದ್ದಿತ್ತು, ಅದನ್ನಾದರೂ ಕೇಳೋಣವೆಂದು ಹೊರಟೆ. ಹೇಗೂ ಸುಡುವ ಹುಲ್ಲು, ಕೇಳಿದರೆ ಖುಷಿಯಿಂದ ಕೊಡುತ್ತಾನೆ ಎಂದು ಗೊತ್ತಿತ್ತು. ಆದರೆ ಎದುರಿಗೆ ನಿಂತಾಗ ನಾಲಗೆ ಏಳಲಿಲ್ಲ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದೆ. ಅವನ ಸೊಂಟ ನೋವು ವಿಚಾರಿಸಿದೆ. ಸಿಂಧನೂರಿನಲ್ಲಿ ಭತ್ತದ ದರ ಎಷ್ಟಿದೆ ಎಂದೆ. ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ನಾನು ಮಾತಿಲ್ಲದೆ ಅವನ ಕೈ ಹಿಡಿದುಕೊಂಡೆ.