ಹಾಲು, ಆಲು ಮತ್ತು ಒಂದು ಕಿವಿ

“ಹಾಲು ಅನ್ನು. ಹಾ... ಹಾಲು!”

ಜಯಮ್ಮನ ಕಿವಿ ನನ್ನ ಬೆರಳುಗಳ ನಡುವೆ ಇತ್ತು. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು, ಕುಣಿಗಲ್ ಕಡೆಯ ಒಂದು ಹೈಸ್ಕೂಲಿಗೆ ನಾನು ಹೊಸ ಕನ್ನಡ ಟೀಚರ್. ಹಳಗನ್ನಡದ ‘ಪಾಲ್’ ಈಗ ‘ಹಾಲು’ ಆಗಿದೆ, ‘ಪೂವು’ ‘ಹೂವು’ ಆಗಿದೆ, ಜನರ ಬಾಯಲ್ಲಿ ಉರುಳಿ ಉರುಳಿಯೇ ಮಾತು ಬದಲಾಗುತ್ತದೆ ಎಂದು ಆಗಷ್ಟೇ ಹೆಮ್ಮೆಯಿಂದ ಪಾಠ ಮಾಡಿದ್ದೆ. ಬೋರ್ಡಿನ ಮೇಲಿದ್ದದ್ದನ್ನು ಓದು ಎಂದರೆ ಈ ಹುಡುಗಿ ಮೂರು ಸಲವೂ ‘ಆಲು, ಊವು’ ಎಂದೇ ಓದಿದಳು.

ನಾನೂ ಗುಬ್ಬಿಯವಳೇ. “ಆಲು ಕಾಯ್ಸಿವ್ನಿ, ಕುಡ್ದೋಗು” ಎನ್ನುವ ಅಮ್ಮನ ಮಗಳು. ಆ ‘ಹ’ಕಾರವನ್ನು ತುಮಕೂರಿನಲ್ಲಿ ಓದುವಾಗ ಕಷ್ಟಪಟ್ಟು ಕಲಿತಿದ್ದೆ. ಅದಕ್ಕೇ ಇರಬೇಕು, ಅಷ್ಟು ಸಿಟ್ಟು.

ಜಯಮ್ಮ ಅಳಲಿಲ್ಲ. ತಲೆ ವಾರೆ ಮಾಡಿಕೊಂಡೇ ಕೇಳಿದಳು: “ಮಿಸ್, ಪಾಲು ಅನ್ನೋದ್ನ ಮೊದ್ಲು ಆಲು ಅಂದೋರ್ಗೂ ಯಾರಾರ ಇಂಗೇ ಕಿವಿ ಇಂಡಿದ್ರಾ?”

ಅದು ಕೀಟಲೆಯಾಗಿರಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನ್ನ ಕೈ ತಾನಾಗಿ ಸಡಿಲವಾಯಿತು. ಇಡೀ ಕ್ಲಾಸು ಉತ್ತರಕ್ಕೆ ಕಾಯುತ್ತಿತ್ತು.

“ಇಂಡೇ ಇರ್ತಾರೆ ಕಣೇ, ಕೂತ್ಕೊ” ಎಂದೆ. ನನ್ನ ಬಾಯಿಂದಲೂ ‘ಹ’ಕಾರ ಜಾರಿಬಿದ್ದದ್ದು ಅವಳು ನಕ್ಕ ಮೇಲೆಯೇ ನನಗೆ ಗೊತ್ತಾದದ್ದು.

ಆಮೇಲೆ ನಾನು ಯಾರ ಕಿವಿಯನ್ನೂ ಹಿಡಿಯಲಿಲ್ಲ. ಇವತ್ತಿಗೂ ಡಿಕಾಕ್ಷನ್ನಿಗೆ ಹಾಲು ಬೆರೆಸುವಾಗ, ‘ಪಾಲ್’ ಅನ್ನು ಮೊಟ್ಟಮೊದಲು ತಪ್ಪಾಗಿ ‘ಹಾಲು’ ಅಂದ ಯಾವುದೋ ಹುಡುಗಿಯ ಕೆಂಪು ಕಿವಿ ಕಣ್ಣಿಗೆ ಕಟ್ಟುತ್ತದೆ.